ಅಟ್ಟದ ಮೇಲಿನ ಕುಕ್ಕರ್

2015ರ ಬೇಸಿಗೆ ರಜೆಯಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಅಜ್ಜಿಮನೆಯಲ್ಲಿದ್ದಾಗ, ಒಂದು ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಜಗುಲಿಯಲ್ಲಿ ಅಡ್ಡಾಗಿದ್ದ ಹೊತ್ತಿಗೆ, ಇಬ್ಬರು ಯುವತಿಯರು ದಣಪೆ ದಾಟಿ ಅಂಗಳಕ್ಕೆ ಬಂದರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು. ಒಬ್ಬಳ ಕೈಯಲ್ಲಿ ಸಣ್ಣ ಲ್ಯಾಪ್‌ಟಾಪ್ ಇತ್ತು. ನೀರು, ಬೆಲ್ಲ ಆದಮೇಲೆ ಅವಳು ಪ್ರಶ್ನೆಗಳನ್ನು ಶುರುಮಾಡಿದಳು. ಸರ್ಕಾರದಿಂದ ಯಾರೇ ಬಂದರೂ ಮೊದಲು ಆದಾಯ ಕೇಳುತ್ತಾರೆಂದು ನಂಬಿದ್ದ ದೊಡ್ಡಮಾವ ಉತ್ತರವನ್ನು ಆಗಲೇ ಹೊಂದಿಸಿಕೊಂಡು ಕೂತಿದ್ದರು: ಕೊಳೆ ರೋಗ ಬಂದ ವರ್ಷ ಇಷ್ಟು, ಬಾರದ ವರ್ಷ ಇಷ್ಟು, ಅಡಿಕೆಯ ಧಾರಣೆ ಬಿದ್ದರೆ ಅದೂ ಇಲ್ಲ. ಅವಳು ಅದನ್ನು ಕೇಳಲೇ ಇಲ್ಲ. ಮನೆಯಲ್ಲಿ ಫ್ಯಾನ್ ಇದೆಯೇ, ಹಾಸಿಗೆ ಇದೆಯೇ, ಕುರ್ಚಿ, ಮೇಜು, ಗಡಿಯಾರ, ಹೊಲಿಗೆ ಯಂತ್ರ, ನೀರೆತ್ತುವ ಪಂಪು, ಬಣ್ಣದ ಟಿವಿ, ಸೈಕಲ್, ಬೈಕ್ ಇವೆಯೇ ಎಂದು ಒಂದಾದ ಮೇಲೊಂದು ಕೇಳುತ್ತ ಹೋದಳು. ಪ್ರೆಷರ್ ಕುಕ್ಕರ್ ಇದೆಯೇ ಎಂದಾಗ ಒಳಗಿನಿಂದ ಅಜ್ಜಿಯೇ ಉತ್ತರಿಸಿದರು: “ಇದೆಯಲ್ಲೇ ಮಾರಾಯ್ತಿ, ಅಟ್ಟದ ಮೇಲಿದೆ. ಮಗಳು ಬೆಂಗಳೂರಿಂದ ತಂದುಕೊಟ್ಟದ್ದು. ಅದು ಕೂಗಿದರೆ ನನಗೆ ಎದೆ ಹೊಡಕೊಳ್ಳುತ್ತದೆ.” ಹುಡುಗಿ ನಕ್ಕು, ‘ಇದೆ’ ಎಂದು ಒತ್ತಿದಳು.

ಫ್ಯಾನ್ ಮತ್ತು ಟಿವಿಗಳ ವಿಷಯದಲ್ಲಿ ದೊಡ್ಡಮಾವ ಸ್ವಲ್ಪ ತಡವರಿಸಿದ್ದನ್ನೂ ಹೇಳಿಬಿಡಬೇಕು. ಇವೆಲ್ಲ ಇವೆ ಎಂದರೆ ಬಿಪಿಎಲ್ ಕಾರ್ಡು ಹೋದೀತೆಂಬ ಭಯ ಅವರಿಗೆ. ಬಡತನವನ್ನು ಅಳೆಯಲು ಬಂದವರ ಮುಂದೆ ಬಡತನವನ್ನು ಒಂದಿಷ್ಟು ಜಾಸ್ತಿ ಮಾಡಿ ಹೇಳುವುದು ನಮ್ಮಲ್ಲಿ ಹೊಸ ವಿದ್ಯೆಯೇನಲ್ಲ.

ಆ ಮಧ್ಯಾಹ್ನವನ್ನು ನಾನು ಮರೆತೇ ಬಿಟ್ಟಿದ್ದೆ. ಅದನ್ನು ಮತ್ತೆ ನೆನಪಿಗೆ ತಂದದ್ದು 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಅದೇ ಸಮೀಕ್ಷೆಯ ಅಂಕಿಗಳನ್ನು ಇಟ್ಟುಕೊಂಡು, ಭಾರತದ ಮನೆಗಳನ್ನು ಆಸ್ತಿಪಾಸ್ತಿಯ ಪ್ರಕಾರ ಐದು ಪಾಲು ಮಾಡಿ, ಒಂದೊಂದು ಪಾಲಿನಲ್ಲಿ ಹುಟ್ಟುವ ಮಗು ಸರಾಸರಿ ಎಷ್ಟು ವರ್ಷ ಬದುಕಬಹುದೆಂದು ಅದರಲ್ಲಿ ಲೆಕ್ಕ ಹಾಕಿದ್ದರು. ಅತಿ ಬಡವರ ಪಾಲಿನಲ್ಲಿ 65.1 ವರ್ಷ, ಅತಿ ಶ್ರೀಮಂತರ ಪಾಲಿನಲ್ಲಿ 72.7 ವರ್ಷ; ನಡುವೆ ಏಳೂವರೆ ವರ್ಷಕ್ಕೂ ಮಿಕ್ಕ ಅಂತರ. ಓದಿದವನಿಗೆ ಮೊದಲು ಹೊಳೆದದ್ದು ಆ ಕುಕ್ಕರು. ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಆ ಪಾತ್ರೆ ನಮ್ಮ ಮನೆಯನ್ನು ಪಟ್ಟಿಯಲ್ಲಿ ಕೂದಲೆಳೆಯಷ್ಟಾದರೂ ಮೇಲಕ್ಕೆ ಎತ್ತಿರಬೇಕು. ಆಮೇಲೆ, ನಮ್ಮ ಮನೆ ಆ ಅಂಕಿಗೆ ಕೊಟ್ಟದ್ದಾದರೂ ಏನು ಎಂಬ ಪ್ರಶ್ನೆ ಹುಟ್ಟಿಕೊಂಡಿತು. ಅದು ಇನ್ನೂ ನನ್ನನ್ನು ಬಿಟ್ಟಿಲ್ಲ.

ದಕ್ಕಿದ ಮಕ್ಕಳು

ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷ ಇತ್ತು ಎನ್ನುವುದನ್ನು ಶಾಲೆಯಲ್ಲಿ ಓದಿದಾಗ, ಆಗಿನವರೆಲ್ಲ ಮೂವತ್ತೆರಡಕ್ಕೆ ಮುದುಕರಾಗಿ ಸಾಯುತ್ತಿದ್ದರೆಂದೇ ನಾನು ತಿಳಿದಿದ್ದೆ. ಊರಲ್ಲಿ ಆಗಲೂ ಎಂಬತ್ತು ದಾಟಿದವರು ಇದ್ದರಲ್ಲ ಎಂದು ಕೇಳುವ ಬುದ್ಧಿ ಬರಲಿಲ್ಲ. ಸರಾಸರಿಯನ್ನು ಕೆಳಕ್ಕೆ ಜಗ್ಗುತ್ತಿದ್ದವರು ಕೂಸುಗಳು. ಅಜ್ಜಿ ಎಂಟು ಹೆತ್ತರು, ದಕ್ಕಿದ್ದು ನಾಲ್ಕು. ದಕ್ಕುವುದು ಎಂಬ ಕ್ರಿಯಾಪದವನ್ನು ನಮ್ಮ ಕಡೆಯ ಹೆಂಗಸರು ತೋಟಕ್ಕೂ, ಕರುವಿಗೂ, ಮಗುವಿಗೂ ಒಂದೇ ಸಮನಾಗಿ ಬಳಸುತ್ತಿದ್ದರು. ಮೊದಲ ಮೂರು ಚಳಿಜ್ವರಕ್ಕೆ ಹೋದವು, ಐದನೆಯದು ವಾಂತಿಭೇದಿಗೆ. ಮೂರು ಹೋದ ಮೇಲೆ ಹುಟ್ಟಿದ ದೊಡ್ಡಮಾವನಿಗೆ ಒಳ್ಳೆಯ ಹೆಸರಿಟ್ಟರೆ ಯಾವುದಾದರೂ ಕಣ್ಣಿಗೆ ಬೀಳುತ್ತದೆಂದು ಗುಂಡ ಎಂದು ಕರೆದರು, ಮೂಗು ಚುಚ್ಚಿದರು. ಎಪ್ಪತ್ತು ದಾಟಿದ ಮೇಲೂ ಊರಿಗೆ ಅವರು ಗುಂಡಣ್ಣನೇ.

ಅಜ್ಜಿಯ ಮಟ್ಟಿಗೆ ಮಕ್ಕಳು ಉಳಿಯಲು ಕಾರಣ ಎರಡು: ಮನೆದೇವರು, ಮತ್ತು ಡಿಡಿಟಿ. 1953ರಲ್ಲಿ ದೇಶದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದ ಮೇಲೆ ಮಲೆನಾಡಿನ ಮನೆಮನೆಗೂ ಪಂಪು ಹೊತ್ತವರು ಬಂದು, ಕೊಟ್ಟಿಗೆಯಿಂದ ದೇವರ ಕೋಣೆಯ ಹೊರಗೋಡೆಯವರೆಗೂ ಬಿಳಿ ನೀರು ಹೊಡೆದು, ಬಾಗಿಲ ಪಕ್ಕದಲ್ಲಿ ತಾರೀಕು ಬರೆದು ಹೋಗುತ್ತಿದ್ದರಂತೆ. ಆ ಬರಹವನ್ನು ಅಳಿಸಬಾರದೆಂದು ಅಜ್ಜ ಸಾರಣೆ ಮಾಡುವಾಗಲೂ ಆ ಒಂದು ಗೇಣು ಜಾಗವನ್ನು ಬಿಡಿಸುತ್ತಿದ್ದರೆಂದು ಅಮ್ಮ ಹೇಳುತ್ತಾಳೆ. ಈ ಎಲ್ಲ ವರ್ಷಗಳಲ್ಲಿ ಆ ಮನೆಯ ಆದಾಯದಲ್ಲಿ ಏನೂ ಬದಲಾಗಿರಲಿಲ್ಲ. ತೋಟ ಗೇಣಿಯದು, ಸೂರು ಅಡಿಕೆ ಸೋಗೆಯದು, ವರ್ಷಕ್ಕೊಮ್ಮೆ ಬಟ್ಟೆ. ಹಿಂದೆ ಯಾವ ಬಡತನದಲ್ಲಿ ಮೂರು ಮಕ್ಕಳು ಹೋದವೋ ಅದೇ ಬಡತನದಲ್ಲಿ ಕೊನೆಯ ಮೂರು ಮಕ್ಕಳು ಬದುಕಿಕೊಂಡವು. ಒಂದು ಮನೆಯ ಕತೆಯಿಂದ ಏನನ್ನೂ ಸಾಧಿಸಿದಂತಾಗುವುದಿಲ್ಲ ಎಂಬುದು ನನಗೆ ಗೊತ್ತಿದೆ. ಆದರೆ ಇದೇ ಮಾತನ್ನು ಇಡೀ ಜಗತ್ತಿನ ಅಂಕಿಗಳಲ್ಲಿ ತೋರಿಸಿಕೊಟ್ಟವರೂ ಇದ್ದಾರೆ.

ಅಮೆರಿಕದ ಜನಸಂಖ್ಯಾ ತಜ್ಞ ಸ್ಯಾಮ್ಯುಯಲ್ ಪ್ರೆಸ್ಟನ್ 1975ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ದೇಶಗಳ ತಲಾ ಆದಾಯವನ್ನು ಅಡ್ಡಕ್ಕೂ ಆಯುಷ್ಯವನ್ನು ಲಂಬಕ್ಕೂ ಇಟ್ಟು ಚುಕ್ಕಿ ಹಾಕಿದರೆ ಬರುವ ಗೆರೆ ಆರಂಭದಲ್ಲಿ ಕಡಿದಾಗಿ ಏರಿ, ಆಮೇಲೆ ಗುಡ್ಡದ ನೆತ್ತಿಯ ಹಾಗೆ ಚಪ್ಪಟೆಯಾಗುತ್ತದೆ. ತಿಂಗಳಿಗೆ ಐದು ಸಾವಿರದಲ್ಲಿ ಬದುಕುವ ಮನೆಗೆ ಇನ್ನೈದು ಸಾವಿರ ಬಂದರೆ ಆಗುವ ವ್ಯತ್ಯಾಸ, ಐದು ಲಕ್ಷದ ಮನೆಗೆ ಆಗಬೇಕಾದರೆ ಇನ್ನೈದು ಲಕ್ಷವೇ ಬರಬೇಕು ಎಂಬುದು ಅದರ ಸ್ಥೂಲ ತಾತ್ಪರ್ಯ. ಇಷ್ಟು ಮಾತ್ರ ಆಗಿದ್ದರೆ ಆ ಪ್ರಬಂಧವನ್ನು ಯಾರೂ ನೆನಪಿಡುತ್ತಿರಲಿಲ್ಲ. ಪ್ರೆಸ್ಟನ್ 1930ರ ದಶಕದ ಗೆರೆಯನ್ನೂ 1960ರ ದಶಕದ ಗೆರೆಯನ್ನೂ ಒಂದೇ ಹಾಳೆಯ ಮೇಲೆ ಎಳೆದರು. ಇಡೀ ಗೆರೆಯೇ ಮೇಲಕ್ಕೆ ಸರಿದಿತ್ತು: ಅಷ್ಟೇ ಆದಾಯದ ದೇಶ ಮೂವತ್ತು ವರ್ಷಗಳ ನಂತರ ಹೆಚ್ಚು ಕಾಲ ಬದುಕುತ್ತಿತ್ತು. ಆ ಅವಧಿಯಲ್ಲಿ ಆಯುಷ್ಯ ಏರಿದ್ದರಲ್ಲಿ ಆದಾಯ ಹೆಚ್ಚಿದ್ದರ ಪಾಲು ಶೇಕಡ 10ರಿಂದ 25ರಷ್ಟು ಮಾತ್ರ ಎಂದು ಅವರು ಅಂದಾಜು ಮಾಡಿದರು. ಮಿಕ್ಕದ್ದು ಆದಾಯದ ಆಚೆಯಿಂದ ಬಂದದ್ದು: ಲಸಿಕೆ, ಔಷಧ, ಸೊಳ್ಳೆಯ ಮೇಲಿನ ಯುದ್ಧ, ನೀರು ಕುದಿಸುವ ತಿಳಿವಳಿಕೆ. ನಮ್ಮ ಅಜ್ಜಿಮನೆಯ ಬಾಗಿಲ ಪಕ್ಕದ ಆ ತಾರೀಕುಗಳನ್ನು ಪ್ರೆಸ್ಟನ್ ನೋಡಿದ್ದರೆ ಅವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ.

ದೇಶದ ದುಡ್ಡು, ಮನೆಯ ದುಡ್ಡು

ಈ ಅಡ್ಡ-ಲಂಬ ಚಿತ್ರಕ್ಕೆ ಜೀವ ಕೊಟ್ಟು, ದೇಶಗಳನ್ನು ಬಣ್ಣದ ಗುಳ್ಳೆಗಳಾಗಿ ಪರದೆಯ ಮೇಲೆ ಓಡಿಸಿದವರು ಸ್ವೀಡನ್ನಿನ ವೈದ್ಯ ಹಾನ್ಸ್ ರೋಸ್ಲಿಂಗ್. ಅವರಿಗೂ ನಮಗೂ ಒಂದು ನಂಟಿದೆ. 1972ರಲ್ಲಿ ವೈದ್ಯಕೀಯ ವಿದ್ಯಾರ್ಥಿಯಾಗಿ ಅವರು ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿಗೆ ಬಂದಿದ್ದರು. ಮೊದಲ ತರಗತಿಯಲ್ಲೇ ಮೂತ್ರಪಿಂಡದ ಎಕ್ಸ್‌ರೇ ತೋರಿಸಿ ಪ್ರಶ್ನೆ ಕೇಳಿದಾಗ, ಸುತ್ತ ಕೂತ ಹುಡುಗ ಹುಡುಗಿಯರು ಕೊಟ್ಟ ಉತ್ತರಗಳನ್ನು ಕೇಳಿ, ತಾನು ಎಲ್ಲೋ ತಪ್ಪಿ ತಜ್ಞರ ತರಗತಿಗೆ ಬಂದಿರಬೇಕೆಂದು ಭಾವಿಸಿದರಂತೆ; ವಿಚಾರಿಸಿದರೆ ಅವರೆಲ್ಲ ತನ್ನ ಹಾಗೆಯೇ ನಾಲ್ಕನೆಯ ವರ್ಷದವರು. ಪಶ್ಚಿಮವೇ ಮುಂದು ಎಂಬ ತನ್ನ ನಂಬಿಕೆ ಮುರಿದದ್ದು ಅಲ್ಲಿ ಎಂದು ಅವರು 2009ರಲ್ಲಿ ಮೈಸೂರಿಗೆ ಬಂದು ಮಾತನಾಡಿದಾಗ ಹೇಳಿಕೊಂಡರು. ಅದೇ ಭಾಷಣದಲ್ಲಿ ಭಾರತ ಮತ್ತು ಚೀನಾಗಳ ತಲಾ ಆದಾಯ ಅಮೆರಿಕವನ್ನು ಮುಟ್ಟುವ ದಿನವನ್ನೂ ತಮಾಷೆಯಾಗಿ ಗೊತ್ತು ಮಾಡಿದರು: 2048ರ ಜುಲೈ 27, ಅವರ ನೂರನೆಯ ಹುಟ್ಟುಹಬ್ಬ. ಅವರು 2017ರಲ್ಲಿ, 68ನೆಯ ವಯಸ್ಸಿನಲ್ಲಿ, ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಿಂದ ತೀರಿಕೊಂಡರು. ಸ್ವೀಡನ್ನಿನ ಸರಾಸರಿ ಎಂಬತ್ತು ದಾಟಿ ಬಹಳ ಕಾಲವಾಗಿತ್ತು. ಸರಾಸರಿ ಯಾರ ಕೈಯನ್ನೂ ಹಿಡಿದುಕೊಂಡು ನಡೆಯುವುದಿಲ್ಲ.

ರೋಸ್ಲಿಂಗರ ಗುಳ್ಳೆಗಳನ್ನು ನೋಡುತ್ತಿದ್ದರೆ ಒಂದು ಮಾತು ಮರೆತುಹೋಗುತ್ತದೆ. ಅಲ್ಲಿ ಇರುವುದು ದೇಶದ ದುಡ್ಡನ್ನು ತಲೆಗೆ ಹಂಚಿದ ಅಂಕಿ. ಹಾಗೆ ಹಂಚಿದವರು ಯಾರೂ ಇಲ್ಲ. ಆಫ್ರಿಕದ ಈಕ್ವಟೋರಿಯಲ್ ಗಿನಿಯಲ್ಲಿ 1990ರ ದಶಕದ ನಡುವೆ ದೊಡ್ಡ ತೈಲ ನಿಕ್ಷೇಪ ಸಿಕ್ಕಿ, ತಲಾ ಆದಾಯ ಗಗನಕ್ಕೆ ಹಾರಿತು. ಅಲ್ಲಿನ ಆಯುಷ್ಯ ಮಾತ್ರ ಇನ್ನೂ ಅರವತ್ತರ ಆಸುಪಾಸಿನಲ್ಲಿದೆ. ಇದಕ್ಕೆ ಎದುರಾಗಿ ಕೋಸ್ಟರಿಕಾ. ಅಮೆರಿಕದ ಆದಾಯದ ಒಂದು ಸಣ್ಣ ಪಾಲಿನಲ್ಲಿ ಬದುಕುವ ಆ ಪುಟ್ಟ ದೇಶದ ಆಯುಷ್ಯ ಎಂಬತ್ತರ ಹತ್ತಿರವಿದ್ದು, ಅಮೆರಿಕಕ್ಕೆ ಸಾಟಿಯಾಗಿ ನಿಂತಿದೆ. 1941ರಲ್ಲಿ ಸಾಮಾಜಿಕ ವಿಮೆ ತಂದರು, 1948ರಲ್ಲಿ ಸೈನ್ಯವನ್ನೇ ರದ್ದು ಮಾಡಿದರು, 1990ರ ದಶಕದಿಂದ ವೈದ್ಯ, ದಾದಿ ಮತ್ತು ಮನೆಮನೆಗೆ ಹೋಗುವ ಕಾರ್ಯಕರ್ತರ ತಂಡಗಳನ್ನು ಊರೂರಿಗೆ ಗೊತ್ತು ಮಾಡಿದರು. ಬಡವರಿಗೂ ಶ್ರೀಮಂತರಿಗೂ ಸಾವಿನಲ್ಲಿರುವ ಅಂತರ ಅಲ್ಲಿ ಅಮೆರಿಕದಲ್ಲಿರುವುದಕ್ಕಿಂತ ಬಹಳ ಕಿರಿದು. ಕೇರಳದ ಮಾತು ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಇಲ್ಲಿ ಎಳೆಯುವುದಿಲ್ಲ.

ಇಷ್ಟು ಓದಿ, ನಾನು ಒಂದು ಹಿತವಾದ ತೀರ್ಮಾನಕ್ಕೆ ಬಂದು ಕೂತಿದ್ದೆ: ಮನೆಯ ಆದಾಯಕ್ಕೂ ಆಯುಷ್ಯಕ್ಕೂ ಇರುವ ನಂಟು ಸರ್ಕಾರ ಕೈಕೊಟ್ಟಲ್ಲಿ ಮಾತ್ರ ಬಿಗಿಯಾಗುತ್ತದೆ, ಆಸ್ಪತ್ರೆ ಶಾಲೆ ನೀರು ಎಲ್ಲರಿಗೂ ಸಿಕ್ಕಿದರೆ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ಆ ಹಿತವನ್ನು ಕೆಡಿಸಿದ್ದು ನಾರ್ವೆ.

ಎರಡು 72.7

ನಾರ್ವೆಗಿಂತ ಮೊದಲು ಅಮೆರಿಕ. ದೆಹಲಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಅರ್ಥಶಾಸ್ತ್ರಜ್ಞರಾದ ರಾಜ್ ಚೆಟ್ಟಿ ಮತ್ತು ಸಂಗಡಿಗರು 1999ರಿಂದ 2014ರವರೆಗಿನ ಸುಮಾರು 140 ಕೋಟಿ ತೆರಿಗೆ ದಾಖಲೆಗಳನ್ನು ಸಾವಿನ ದಾಖಲೆಗಳ ಜೊತೆ ಜೋಡಿಸಿ, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ನಲವತ್ತು ವಯಸ್ಸಿನ ಗಂಡಸರಲ್ಲಿ ಅತಿ ಶ್ರೀಮಂತ ಶೇಕಡ 1ರಷ್ಟು ಮಂದಿ ಸರಾಸರಿ 87.3 ವರ್ಷದವರೆಗೆ ಬದುಕುತ್ತಾರೆ, ಅತಿ ಬಡ ಶೇಕಡ 1ರಷ್ಟು ಮಂದಿ 72.7ರವರೆಗೆ. ಅಂತರ 14.6 ವರ್ಷ, ಹೆಂಗಸರಲ್ಲಿ ಅದು 10.1. ನಡುವೆ ಎಲ್ಲೂ ಗೆರೆ ಚಪ್ಪಟೆಯಾಗುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತಲೇ ಹೋಗುತ್ತದೆ. 2001ರಿಂದ 2014ರ ನಡುವೆ ಅತಿ ಶ್ರೀಮಂತ ಶೇಕಡ 5ರಷ್ಟು ಹೆಂಗಸರ ಆಯುಷ್ಯ ಸುಮಾರು ಮೂರು ವರ್ಷ ಹೆಚ್ಚಿತು. ಅತಿ ಬಡ ಶೇಕಡ 5ರಷ್ಟು ಹೆಂಗಸರಿಗೆ ಹೆಚ್ಚಿದ್ದು 0.04 ವರ್ಷ. ದಿನಗಳಲ್ಲಿ ಹೇಳುವುದಾದರೆ ಹದಿನೈದು ದಿನ. ಊರಿನ ಜಾತ್ರೆಗೆ ಬಂದವರು ಉಳಿದುಕೊಳ್ಳುವಷ್ಟು.

ಭಾರತದ ಶ್ರೀಮಂತರ ಪಾಲಿಗೂ ಅಮೆರಿಕದ ಕಡುಬಡ ಗಂಡಸರಿಗೂ 72.7 ಎಂಬ ಒಂದೇ ಅಂಕಿ ಬಂದಿರುವುದು ಕಣ್ಣಿಗೆ ಬಿದ್ದಾಗ, ಇಡೀ ಬರಹವನ್ನು ಅದರ ಮೇಲೆಯೇ ಕಟ್ಟಿಬಿಡುವ ಆಸೆ ನನಗೂ ಆಯಿತು. ಅದು ಕಾಕತಾಳೀಯ. ನಮ್ಮದು ಹುಟ್ಟಿದ ಕ್ಷಣದಿಂದ ಲೆಕ್ಕ ಹಾಕಿದ್ದು, ಗಂಡು ಹೆಣ್ಣು ಇಬ್ಬರೂ ಸೇರಿದ್ದು, ಅಜ್ಜಿಯ ನಾಲ್ಕು ಕೂಸುಗಳಂಥವು ಅದರೊಳಗಿವೆ. ಅಮೆರಿಕದ್ದು ಆಗಲೇ ನಲವತ್ತು ದಾಟಿದ ಗಂಡಸರದ್ದು.

ಇನ್ನು ನಾರ್ವೆ. ಚಿಕಿತ್ಸೆಯ ಖರ್ಚನ್ನು ಬಹುಪಾಲು ಸರ್ಕಾರವೇ ಹೊರುತ್ತದೆ, ವಿಶ್ವವಿದ್ಯಾಲಯಕ್ಕೂ ಅಲ್ಲಿನವರು ಶುಲ್ಕ ಕೊಡಬೇಕಿಲ್ಲ, ಆದಾಯದ ಅಂತರ ಜಗತ್ತಿನಲ್ಲೇ ಕಡಿಮೆ ಇರುವ ದೇಶಗಳಲ್ಲೊಂದು. ಅಲ್ಲಿಯ ನಲವತ್ತು ದಾಟಿದವರನ್ನು ಕುಟುಂಬದ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿ ನಡೆಸಿದ ಅಧ್ಯಯನ 2019ರಲ್ಲಿ ಬಂತು. ಅತಿ ಶ್ರೀಮಂತ ಶೇಕಡ 1 ಮತ್ತು ಅತಿ ಬಡ ಶೇಕಡ 1ರ ನಡುವೆ ಗಂಡಸರಲ್ಲಿ 13.8 ವರ್ಷ, ಹೆಂಗಸರಲ್ಲಿ 8.4 ವರ್ಷ ಅಂತರ. ಅಮೆರಿಕಕ್ಕಿಂತ ತುಸು ಕಡಿಮೆ, ಅಷ್ಟೆ. ಅಷ್ಟೆಲ್ಲ ವ್ಯವಸ್ಥೆ ಮಾಡಿ ಕೊನೆಗೆ ಸಿಕ್ಕಿದ್ದು ಇಷ್ಟೇ ಏನು ಎಂದು ಮೊದಲ ಓದಿಗೆ ನನಗೆ ಸಿಟ್ಟೇ ಬಂದಿತ್ತು. ಎರಡನೆಯ ಸಲ ಓದಿದಾಗ ಕಂಡದ್ದು ಬೇರೆ. ಎರಡು ದೇಶಗಳ ಗೆರೆಗಳು ತುದಿಗಳಲ್ಲಿ ಹತ್ತಿರ ಹತ್ತಿರ ಇದ್ದರೂ, ನಡುವಿಗಿಂತ ಕೆಳಗಿನ ಉದ್ದನೆಯ ಹರವಿನಲ್ಲಿ ನಾರ್ವೆಯವರು ಅಮೆರಿಕದವರಿಗಿಂತ ಹೆಚ್ಚು ಕಾಲ ಬದುಕುತ್ತಾರೆ. ಎರಡು ತುದಿಗಳಲ್ಲಿ ನಿಂತವರು ನೂರಕ್ಕೆ ಒಬ್ಬೊಬ್ಬರು. ಆ ಹರವಿನಲ್ಲಿರುವವರು ಬಸ್ಸು ಓಡಿಸುವವರು, ಅಂಗಡಿಯಲ್ಲಿ ನಿಲ್ಲುವವರು.

ಆದರೂ ಕೆಳತುದಿಯ ಆ ಒಬ್ಬನ ಬಗ್ಗೆ ಕೇಳಬೇಕಾಗುತ್ತದೆ. ಅವನು ಬಡವನಾಗಿದ್ದರಿಂದ ಬೇಗ ಸತ್ತನೇ, ಅಥವಾ ಸಾಯುವ ಹಾದಿಯಲ್ಲಿ ಇದ್ದುದರಿಂದ ಬಡವನಾದನೇ? ನಾರ್ವೆಯಲ್ಲಿ ಕಾಯಿಲೆ ಬಿದ್ದ ನೌಕರನಿಗೆ ಒಂದು ವರ್ಷ ಪೂರ್ತಿ ಸಂಬಳ ಸಿಗುತ್ತದೆ. ಆಮೇಲೆ ಬರುವ ಭತ್ಯೆ ಸಂಬಳಕ್ಕಿಂತ ಕಡಿಮೆ. ಹೊಟ್ಟೆಗೆ ಕೊರತೆಯಾಗುವುದಿಲ್ಲ, ಆದರೆ ಆದಾಯದ ಸಾಲಿನಲ್ಲಿ ಅವನು ಹಿಂದಕ್ಕೆ ಸರಿಯುತ್ತಾನೆ. ಚೆಟ್ಟಿಯವರಿಗೂ ಈ ಗೊಡವೆ ಗೊತ್ತಿತ್ತು; ಅದಕ್ಕೇ ಸಾವಿಗಿಂತ ಎರಡು ವರ್ಷ ಹಿಂದಿನ ಆದಾಯವನ್ನು ತೆಗೆದುಕೊಂಡರು. ಎರಡು ವರ್ಷ ಸಾಲದು ಎಂದು ನನಗೆ ಅನ್ನಿಸುವುದಕ್ಕೆ ಪಾಂಡಿತ್ಯ ಕಾರಣವಲ್ಲ, ಚಿಕ್ಕಮಾವ ಕಾರಣ.

ಇತ್ತು

ಕುಕ್ಕರಿನ ಪ್ರಶ್ನೆ ಆದಮೇಲೆ ಸಮೀಕ್ಷೆಯ ಹುಡುಗಿ ಬೈಕ್ ಇದೆಯೇ ಎಂದು ಕೇಳಿದಳು. ದೊಡ್ಡಮಾವ “ಇತ್ತು” ಎಂದರು. ಅವಳು ತಲೆಯೆತ್ತಿ, “ಈಗ ಇದೆಯಾ?” ಎಂದಳು. “ಈಗ ಇಲ್ಲ.” ಹಸು ಎಷ್ಟು? “ಮೂರಿದ್ದವು.” ಈಗ? “ಒಂದು.” ಆ ಲ್ಯಾಪ್‌ಟಾಪಿನಲ್ಲಿ ‘ಇದೆ’ ಮತ್ತು ‘ಇಲ್ಲ’ಗಳಿಗೆ ಗುಂಡಿಗಳಿದ್ದವು, ‘ಇತ್ತು’ ಎಂಬುದಕ್ಕೆ ಇರಲಿಲ್ಲ.

ಚಿಕ್ಕಮಾವನಿಗೆ ನಲವತ್ತರ ಸುಮಾರಿಗೆ ಸಕ್ಕರೆ ಕಾಯಿಲೆ ಹಿಡಿದಿತ್ತು. ನಲವತ್ತಾರಕ್ಕೆ ಮೂತ್ರಪಿಂಡಗಳು ಸೋಲತೊಡಗಿದವು. ನಲವತ್ತೊಂಬತ್ತರಿಂದ ವಾರಕ್ಕೆರಡು ಸಲ ಡಯಾಲಿಸಿಸ್. ತಾಲ್ಲೂಕಿನಲ್ಲಿ ಆಗ ಆ ಯಂತ್ರ ಇರಲಿಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಟಾರ್ಚ್ ಹಿಡಿದು ಎರಡು ಮೈಲಿ ನಡೆದು, ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗಿ, ರಾತ್ರಿ ಕೊನೆಯ ಬಸ್ಸಿಗೆ ಬರಬೇಕು. ಜೊತೆಗೆ ಒಬ್ಬರು ಹೋಗಲೇಬೇಕಾದ್ದರಿಂದ ತೋಟದಲ್ಲಿ ವಾರಕ್ಕೆ ಎರಡು ದಿನ ಎರಡಾಳು ಕಡಿಮೆ. ಒಮ್ಮೆ ನಾನು ಜೊತೆಗೆ ಹೋಗಿದ್ದೆ. ನಾಲ್ಕು ಗಂಟೆ ಮಲಗಿ ಎದ್ದುಬಂದ ಅವರು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು, ಅಂಗಿಯ ಜೇಬಿನಿಂದ ಸಣ್ಣ ಡೈರಿ ತೆಗೆದು, ಅಂದಿನ ಖರ್ಚನ್ನು ಬಸ್ ಚಾರ್ಜಿನ ಸಮೇತ ಬರೆದರು. ಹಿಂದಿನ ಪುಟಗಳನ್ನು ತಿರುವಿದೆ. ಮೊದಲ ವರ್ಷದಲ್ಲಿ ಬ್ಯಾಂಕಿನ ಠೇವಣಿ, ಎರಡನೆಯದರಲ್ಲಿ ಎರಡು ಹಸು ಮತ್ತು ಬೈಕು, ಮೂರನೆಯದರಲ್ಲಿ, ‘ಉಳುವವನೇ ಹೊಲದೊಡೆಯ’ ಕಾನೂನು ಬಂದಾಗ ಡಿಕ್ಲರೇಷನ್ ಹಾಕಿ ಅಜ್ಜ ದಕ್ಕಿಸಿಕೊಂಡಿದ್ದ ಗೇಣಿ ತೋಟದಲ್ಲಿ ಅರ್ಧ ಎಕರೆ. ಎಲ್ಲವೂ ಅಂದವಾದ ಅಕ್ಷರದಲ್ಲಿ, ಎಡಕ್ಕೆ ಬಂದದ್ದು ಬಲಕ್ಕೆ ಹೋದದ್ದು. “ಲೆಕ್ಕ ಬರೆದಿಟ್ಟರೆ ಮುಂದೆ ಯಾರಿಗೂ ಅನುಮಾನ ಬರಬಾರದು ನೋಡು” ಎಂದರು. ಅವರು ತೀರಿಕೊಂಡದ್ದು 2013ರ ಡಿಸೆಂಬರಿನಲ್ಲಿ, 52ನೆಯ ವಯಸ್ಸಿಗೆ.

ಸಮೀಕ್ಷೆಯವರು ಬಂದದ್ದು ಅದಾದ ಹದಿನಾರು ತಿಂಗಳಿಗೆ. ಈಚಿನ ವರ್ಷಗಳಲ್ಲಿ ಈ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದಾರೆಯೇ, ಅವರ ವಯಸ್ಸೆಷ್ಟು ಎಂದು ಅವಳು ಕೇಳಿದಳು, ದೊಡ್ಡಮಾವ ಹೇಳಿದರು, ಅವಳು ಬರೆದುಕೊಂಡಳು. ಹೀಗೆ ನಮ್ಮ ಮನೆ ಆ ಲೆಕ್ಕವನ್ನು ಸೇರಿತು: ಬೈಕಿಲ್ಲದ, ಒಂದೇ ಹಸುವಿನ ಮನೆ, ಐವತ್ತೆರಡಕ್ಕೆ ಒಂದು ಸಾವು. ಇದನ್ನು ಕಂಡವರು ಬಡತನ ಬೇಗ ಕೊಲ್ಲುತ್ತದೆ ಎಂದು ಓದಿಕೊಳ್ಳುವುದು ಸಹಜ. ಆರು ವರ್ಷ ಹಿಂದೆ ಬಂದಿದ್ದರೆ ಅದೇ ಮನೆ ಬೈಕು, ಮೂರು ಹಸು, ಪೂರ್ತಿ ತೋಟದ ಸಮೇತ ಮೇಲಿನ ಯಾವುದೋ ಪಾಲಿನಲ್ಲಿ ಕೂತಿರುತ್ತಿತ್ತು, ಒಳಗೆ ರೋಗಿಯನ್ನು ಇಟ್ಟುಕೊಂಡೇ. ಏಳೂವರೆ ವರ್ಷದ ಅಂತರ ಸುಳ್ಳೆಂದು ನಾನು ಹೇಳುತ್ತಿಲ್ಲ. ಬಡ ಮನೆಗಳಲ್ಲಿ ಕೂಸುಗಳು ಹೆಚ್ಚಾಗಿ ಹೋಗುತ್ತವೆ, ಮತ್ತು ಹುಟ್ಟಿದ ಮರುವಾರವೇ ಕಣ್ಣು ಮುಚ್ಚಿದ ಕೂಸಿನ ಆರೈಕೆಗೆ ಯಾರೂ ತೋಟ ಮಾರಿರುವುದಿಲ್ಲ. ಅಲ್ಲಿ ಬಾಣ ಯಾವ ಕಡೆಗೆ ತಿರುಗಿದೆಯೆಂದು ಅನುಮಾನಪಡಬೇಕಿಲ್ಲ. ನಡುವಯಸ್ಸಿನ ಸಾವುಗಳಲ್ಲಿ ಮಾತ್ರ ಎಷ್ಟನ್ನು ಆದಾಯ ನಿರ್ಧರಿಸಿತು, ಎಷ್ಟು ಕಡೆ ಸಾವೇ ಆದಾಯವನ್ನು ತಿಂದುಕೊಂಡು ಬಂತು ಎಂಬುದನ್ನು ಒಂದು ದಿನದ ಚಿತ್ರದಿಂದ ಬಿಡಿಸುವುದು ಕಷ್ಟ. ನಾರ್ವೆಯಲ್ಲಿ ರೋಗಿ ಮಾತ್ರ ಸಾಲಿನಲ್ಲಿ ಹಿಂದೆ ಸರಿಯುತ್ತಾನೆ. ನಮ್ಮಲ್ಲಿ ಅವನ ಹಿಂದೆ ಅಣ್ಣನ ತೋಟ, ಅಣ್ಣನ ಮಕ್ಕಳ ಓದು ಎಲ್ಲ ಒಂದೇ ಹಗ್ಗದಲ್ಲಿ ಕಟ್ಟಿಕೊಂಡು ಇಳಿಯುತ್ತವೆ.

2016ರ ಕೇಂದ್ರ ಬಜೆಟ್ಟಿನಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಯೋಜನೆಯನ್ನು ಘೋಷಿಸಿದರು. ಈಗ ತಾಲ್ಲೂಕು ಆಸ್ಪತ್ರೆಯಲ್ಲೇ ಯಂತ್ರಗಳಿವೆ. ಕೆಳಗಿನ ಕೇರಿಯ ಒಬ್ಬರು ನಾಲ್ಕು ವರ್ಷದಿಂದ ಅಲ್ಲಿಗೆ ಹೋಗಿ ಬರುತ್ತಿದ್ದಾರೆ, ಒಂಬತ್ತು ಗಂಟೆಯ ಬಸ್ಸಿಗೆ, ತಿಂಡಿ ತಿಂದುಕೊಂಡು. ಅವರ ತೋಟ ಅವರ ಹತ್ತಿರವೇ ಇದೆ. ಪ್ರೆಸ್ಟನ್ನರ ಗೆರೆ ಮೇಲಕ್ಕೆ ಸರಿಯುವುದು ಎಂದರೆ ಏನೆಂದು ಈಗ ಯಾರಾದರೂ ಕೇಳಿದರೆ ನಾನು ಆ ಒಂಬತ್ತು ಗಂಟೆಯ ಬಸ್ಸನ್ನು ತೋರಿಸುತ್ತೇನೆ.

ಸಮೀಕ್ಷೆಯ ಹುಡುಗಿ ಆಮೇಲೆ ಹೆಂಗಸರ ಪ್ರಶ್ನೆಗಳಿಗೆ ಅತ್ತೆಯ ಸೊಸೆಯನ್ನು ಕರೆದಳು: ಎಷ್ಟು ಹೆರಿಗೆ, ಯಾವ ವರ್ಷ, ಎಷ್ಟು ಮಕ್ಕಳು ಬದುಕಿವೆ. ಕೇಳುತ್ತ ಕೂತಿದ್ದ ಅಜ್ಜಿ, “ನನ್ನದು ಬರಕೊಳ್ಳುವುದಿಲ್ಲವಾ?” ಎಂದರು. ನಲವತ್ತೊಂಬತ್ತು ದಾಟಿದವರಿಗೆ ಆ ಪ್ರಶ್ನೆಗಳಿಲ್ಲ ಎಂದು ಹುಡುಗಿ ವಿವರಿಸಿದಳು. ಅಜ್ಜಿಗೆ ಆಗ ಎಂಬತ್ತನಾಲ್ಕು. ಲ್ಯಾಪ್‌ಟಾಪನ್ನು ಚೀಲಕ್ಕೆ ಸೇರಿಸಿ ಅವಳು ಎದ್ದರೂ, ಅಜ್ಜಿ ಕಂಬಕ್ಕೆ ಒರಗಿಕೊಂಡು, ಒಂದೊಂದೇ ಬೆರಳು ಮಡಚುತ್ತ, ಎಂಟು ಹೆರಿಗೆಗಳನ್ನೂ ಮಳೆ ನಕ್ಷತ್ರದ ಲೆಕ್ಕದಲ್ಲಿ ಹೇಳತೊಡಗಿದರು: ಮೊದಲನೆಯದು ಆರಿದ್ರಾ ಮಳೆಯಲ್ಲಿ, ಗಂಡು, ಏಳು ತಿಂಗಳಿತ್ತು. ಹುಡುಗಿ ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತಿದ್ದವಳು ಮತ್ತೆ ಬಿಚ್ಚಿ ಕೂತುಕೊಂಡಳು.